ಸರ್ವರ್ ಬಿದ್ದರೂ ಮಾನಿಟರ್ ಸುಮ್ಮನಿದ್ದರೆ ಎಲ್ಲಿಂದ ಹುಡುಕಬೇಕು?

ದಾವಣಗೆರೆಯಲ್ಲಿ ಒಂದು ದಲಾಲಿ ಮಂಡಿ, ಎಪಿಎಂಸಿ ಯಾರ್ಡ್ ಹತ್ತಿರ ಅದರ ಗೋಡೌನ್, ಚಿತ್ರದುರ್ಗದಲ್ಲಿ ಒಂದು ಬ್ರಾಂಚ್. ಈ ಮೂರೂ ಕಡೆಯ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಮಂಡಿಯ ಮಹಡಿ ಮೇಲೆ ಒಂದು ರಾಸ್ಪ್‌ಬೆರಿ ಪೈ, ಅಂದರೆ ಅಂಗೈಯಗಲದ ಪುಟ್ಟ ಕಂಪ್ಯೂಟರ್, ಇಟ್ಟಿದ್ದೇನೆ. ಅದರೊಳಗೆ ಒಂದು ಡೀಮನ್, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಪ್ರೋಗ್ರಾಂ, ನಿಮಿಷಕ್ಕೊಮ್ಮೆ ಎಲ್ಲವನ್ನೂ ತಟ್ಟಿ ನೋಡುತ್ತದೆ. ರೂಟರ್ ಇದೆಯಾ, ಬಿಲ್ಲಿಂಗ್ ಸರ್ವರ್ ಇದೆಯಾ, ದುರ್ಗದ ಬ್ರಾಂಚನ್ನು ಇಂಟರ್ನೆಟ್ ಮೇಲೆ ಜೋಡಿಸುವ ವಿಪಿಎನ್ ಇದೆಯಾ, ವೆಬ್‌ಸೈಟು, ಇಮೇಲು ನಡೆಯುತ್ತಿವೆಯಾ. ಯಾವುದಾದರೂ ಬಿದ್ದರೆ ನನ್ನ ಮೊಬೈಲಿಗೆ ಮೆಸೇಜ್ ಬರಬೇಕು. ಮಾನಿಟರ್ ಅಂತ ನಾನು ಹೇಳುವುದು ಈ ಕಾವಲಿಗೆ, ಕಂಪ್ಯೂಟರ್ ಪರದೆಗಲ್ಲ.

ನೀವು ನಾಗಿಯೋಸ್, ಅಪ್‌ಟೈಮ್ ಕುಮಾ ತರಹದ ಸಿದ್ಧ ಮಾನಿಟರ್ ಹಾಕಿರಬಹುದು, ಪೈಥಾನ್‌ನಲ್ಲಿ ನೀವೇ ಬರೆದುಕೊಂಡಿರಬಹುದು. ಲಿನಕ್ಸ್ ಮೇಲೆ ಇವೆಲ್ಲ ಕೆಡುವ ರೀತಿ ಹೆಚ್ಚುಕಮ್ಮಿ ಒಂದೇ. ದೂರುಗಳೂ ಎರಡೇ ನಮೂನೆ. ಒಂದು, ಏನೂ ಆಗದೇ ಇದ್ದರೂ ಕೂಗಿತು. ಇನ್ನೊಂದು, ಬಿದ್ದರೂ ಕೂಗಲಿಲ್ಲ. ಮೊದಲನೆಯದು ನಿದ್ದೆ ಕೆಡಿಸುತ್ತದೆ, ಅಷ್ಟೇ. ಎರಡನೆಯದರಲ್ಲಿ ವ್ಯಾಪಾರ ನಿಲ್ಲುತ್ತದೆ, ಅದೂ ನಿಮಗಿಂತ ಮೊದಲು ಸಾವ್ಕಾರ್ರಿಗೆ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ಜಾಸ್ತಿ ಮಾತು ಎರಡನೆಯದರ ಬಗ್ಗೆ.

ಮೊದಲು ರೀಸ್ಟಾರ್ಟ್ ಮಾಡಬೇಡಿ

ಫೋನ್ ಬಂದ ಕೂಡಲೇ ಕೈ ಹೋಗುವುದು ರೀಸ್ಟಾರ್ಟ್ ಕಡೆಗೇ. ಸ್ವಲ್ಪ ತಡೆಯಿರಿ. ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ, ನಿಜ. ಆದರೆ ಯಾಕೆ ಕೆಟ್ಟಿತ್ತು ಅನ್ನುವ ಗುರುತೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಮುಂದಿನ ವಾರ ಮತ್ತೆ ಅದೇ ಕಥೆ.

ಐದು ನಿಮಿಷದ ಕೆಲಸ ಇದು. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ (systemctl status) ಕಮಾಂಡ್ ಕೊಟ್ಟು ನೋಡಿ. ಆಕ್ಟಿವ್ ಅಂತಿದೆಯಾ ಅನ್ನುವುದಕ್ಕಿಂತ ಎಷ್ಟು ಹೊತ್ತಿನಿಂದ ಆಕ್ಟಿವ್ ಅನ್ನುವುದನ್ನು ಗಮನಿಸಿ. ಯಾರೂ ಮುಟ್ಟದ ಡೀಮನ್ ಹತ್ತು ನಿಮಿಷದಿಂದ ಮಾತ್ರ ಓಡುತ್ತಿದೆ ಅಂದರೆ ಅದು ಸತ್ತು ಸತ್ತು ಏಳುತ್ತಿದೆ ಎಂದರ್ಥ. ಆಮೇಲೆ ಲಾಗ್‌ನ, ಅಂದರೆ ಡೀಮನ್ ಬರೆದಿಡುವ ದಿನಚರಿಯ, ಕೊನೆಯ ಸಾಲಿನ ಸಮಯ ಬರೆದುಕೊಳ್ಳಿ. ಪಿಎಸ್ (ps) ಕಮಾಂಡಿನಲ್ಲಿ ಆ ಪ್ರೋಸೆಸ್‌ನ, ಅಂದರೆ ಓಡುತ್ತಿರುವ ಪ್ರೋಗ್ರಾಂನ, ಮುಂದೆ ಯಾವ ಅಕ್ಷರ ಇದೆ ನೋಡಿ. ಎಸ್ ಇದ್ದರೆ ಏನಕ್ಕೋ ಕಾಯುತ್ತಿದೆ, ಅದು ಮಾಮೂಲು. ಡಿ ಇದ್ದರೆ ಡಿಸ್ಕ್ ಅಥವಾ ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ. ಝೆಡ್ ಇದ್ದರೆ ಸತ್ತಿದೆ, ಅದನ್ನು ಹುಟ್ಟಿಸಿದ ಪೇರೆಂಟ್ ಪ್ರೋಸೆಸ್ ಇನ್ನೂ ವಿಚಾರಿಸಿಲ್ಲ. ಕೊನೆಗೆ, ಪ್ರೋಕ್ ಡೈರೆಕ್ಟರಿಯಲ್ಲಿ ಆ ಪ್ರೋಸೆಸ್ ನಂಬರಿನ ಒಳಗೆ ಎಫ್‌ಡಿ ಅಂತ ಒಂದು ಫೋಲ್ಡರ್ ಇರುತ್ತದೆ. ಅಲ್ಲಿ ಎಷ್ಟು ಫೈಲ್ ತೆರೆದಿವೆ ಅಂತ ಎಣಿಸಿ.

ಲಾಗ್ ಓದುವಾಗ ಒಂದು ಎಚ್ಚರ. ಪೈ ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಮಾನಕ ಸಮಯದಲ್ಲಿ ಓಡುತ್ತಿದ್ದರೆ ಲಾಗ್ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. 03:50 ಅಂತಿದ್ದರೆ ಅದು ಬೆಳಗಿನ ಜಾವ ಅಲ್ಲ, 9:20, ಅಂಗಡಿ ತೆರೆಯುವ ಹೊತ್ತು. ಇದು ಗೊತ್ತಿಲ್ಲದೆ ರಾತ್ರಿ ಬ್ಯಾಕಪ್ ಮೇಲೆ ಅನುಮಾನಪಟ್ಟು ಸುಮ್ನೆ ಒಂದು ದಿನ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ.

ಬೇಕಂತಲೇ ಒಂದನ್ನು ಬೀಳಿಸಿ

ಡೀಮನ್ ಓಡುತ್ತಿದೆ, ಲಾಗ್ ಬರುತ್ತಿದೆ, ಆದರೂ ನಂಬಿಕೆ ಇಲ್ಲ. ಆಗ ಊಹೆ ಮಾಡುತ್ತಾ ಕೂರಬೇಡಿ. ಕಾನ್ಫಿಗ್‌ನಲ್ಲಿ ಎರಡು ಸುಳ್ಳು ಗುರಿ ಸೇರಿಸಿ. ಒಂದು, 127.0.0.1ರಲ್ಲಿ, ಅಂದರೆ ಅದೇ ಯಂತ್ರದಲ್ಲಿ, ಯಾರೂ ಬಳಸದ ಪೋರ್ಟ್ 1 (ಪೋರ್ಟ್ ಅಂದರೆ ಒಂದೊಂದು ಸರ್ವಿಸ್‌ಗೆ ಇರುವ ನಂಬರ್ ಹಾಕಿದ ಬಾಗಿಲು). ಇನ್ನೊಂದು, 192.0.2.1 ಎಂಬ ವಿಳಾಸ. ಇದನ್ನು ಉದಾಹರಣೆ ಬರೆಯುವುದಕ್ಕೆಂದೇ ಮೀಸಲಿಟ್ಟಿದ್ದಾರೆ, ನಿಜವಾದ ಯಾವ ಯಂತ್ರಕ್ಕೂ ಈ ವಿಳಾಸ ಇರುವುದಿಲ್ಲ.

ಎರಡು ಯಾಕೆ? ಬೀಳುವುದರಲ್ಲೂ ಎರಡು ರೀತಿ ಇದೆ. ಮುಚ್ಚಿದ ಪೋರ್ಟಿಗೆ ಹೋದರೆ ಕನೆಕ್ಷನ್ ರಿಫ್ಯೂಸ್ಡ್ ಅಂತ ಆ ಕ್ಷಣವೇ ಉತ್ತರ ಬರುತ್ತದೆ. ಇಲ್ಲದ ವಿಳಾಸಕ್ಕೆ ಹೋದರೆ ಸಾಮಾನ್ಯವಾಗಿ ಉತ್ತರವೇ ಬರುವುದಿಲ್ಲ, ಕಾಯುತ್ತಾ ಕೂರಬೇಕು. ಮೊದಲನೆಯದನ್ನು ಸರಿಯಾಗಿ ಹಿಡಿಯುವ ಡೀಮನ್ ಎರಡನೆಯದರ ಮುಂದೆ ಕಲ್ಲಾಗಿ ನಿಲ್ಲುವುದು ತುಂಬಾ ಮಾಮೂಲು.

ಈಗ ಗುರಿಯಿಂದ ಮೊಬೈಲ್ ತನಕ ದಾರಿಯನ್ನು ಒಂದೊಂದೇ ಮೆಟ್ಟಿಲಾಗಿ ನೋಡಿ. ಪರೀಕ್ಷೆ ನಡೆಯಿತು ಅಂತ ಲಾಗ್‌ನಲ್ಲಿ ಬಂತಾ? ಫಲಿತಾಂಶ ಫೇಲ್ ಅಂತ ಬಂತಾ? ಮೆಸೇಜ್ ಕಳಿಸಿದೆ ಅಂತ ಬಂತಾ? ಮೊಬೈಲ್ ಕುಂಯ್ ಅಂತಾ? ಎಲ್ಲಿ ಕಡಿದಿದೆಯೋ ಕೆಳಗಿನ ಆ ಭಾಗಕ್ಕೆ ನೇರ ಹೋಗಿ, ಉಳಿದದ್ದನ್ನು ಓದುವ ಅಗತ್ಯ ಇಲ್ಲ.

ಕರೆಂಟ್ ಹೋಗಿ ಬಂದ ಮೇಲೆ ಡೀಮನ್ ಎದ್ದೇ ಇಲ್ಲ

ನಮ್ಮ ಕಡೆ ಇದೇ ಮೊದಲನೇ ನಂಬರ್ ಕಾರಣ. ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟ್ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಹಳೆಯದು, ಎಲ್ಲ ಒಟ್ಟಿಗೆ ಆರುತ್ತದೆ. ಕರೆಂಟ್ ಬಂದಾಗ ಎಲ್ಲ ಒಟ್ಟಿಗೆ ಏಳುವುದಿಲ್ಲ, ಅಲ್ಲೇ ಇರುವುದು ತೊಂದರೆ. ಪೈ ಬೇಗ ಏಳುತ್ತದೆ. ಫೈಬರ್ ಡಬ್ಬಿ ಎದ್ದು ಲೈನ್ ಹಿಡಿಯುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅಷ್ಟರೊಳಗೆ ಡೀಮನ್ ಶುರುವಾಗಿ, ಹೆಸರುಗಳ ವಿಳಾಸ ಕೇಳಿ, ಡಿಎನ್‌ಎಸ್ ಉತ್ತರ ಸಿಗದೆ ಸತ್ತಿರುತ್ತದೆ.

ಸತ್ತರೆ ಸಿಸ್ಟಮ್‌ಡಿ, ಅಂದರೆ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಂ, ಮತ್ತೆ ಎಬ್ಬಿಸುತ್ತದಲ್ವಾ? ರೀಸ್ಟಾರ್ಟ್ ಸಾಲು ಹಾಕಿದ್ದರೆ ಎಬ್ಬಿಸುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ. ನಾವೇನೂ ಬದಲಾಯಿಸದಿದ್ದರೆ ಪ್ರತಿ ಸಲ ಎಬ್ಬಿಸುವ ಮುಂಚೆ ಕಾಯುವುದು ಬರೀ 100 ಮಿಲಿಸೆಕೆಂಡ್. ಹತ್ತು ಸೆಕೆಂಡಿನೊಳಗೆ ಐದು ಸಲ ಶುರು ಮಾಡಿಯೂ ಸತ್ತರೆ ಇನ್ನು ನನ್ನ ಕೈಲಾಗದು ಅಂತ ಬಿಟ್ಟುಬಿಡುತ್ತದೆ. ಲಾಗ್‌ನಲ್ಲಿ ‘ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ’ ಅನ್ನುವ ಸಾಲು ಕಂಡರೆ ಆಗಿರುವುದು ಇದೇ. ಆ ಐದೂ ಪ್ರಯತ್ನ ಫೈಬರ್ ಡಬ್ಬಿಯ ದೀಪ ಹಸಿರಾಗುವ ಮುಂಚೆಯೇ ಮುಗಿದುಹೋಗಿರುತ್ತವೆ.

ಯೂನಿಟ್ ಫೈಲಿನಲ್ಲಿ, ಅಂದರೆ ಈ ಸರ್ವಿಸ್ ಬಗ್ಗೆ ಸಿಸ್ಟಮ್‌ಡಿಗೆ ಹೇಳುವ ಫೈಲಿನಲ್ಲಿ, ರೀಸ್ಟಾರ್ಟ್‌ಸೆಕ್ ಅನ್ನು 30 ಮಾಡಿ. ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್ ಅನ್ನು 0 ಮಾಡಿ, ಆಗ ಎಣಿಕೆಯೇ ಇರುವುದಿಲ್ಲ, ಎಷ್ಟು ಸಲ ಬೇಕಾದರೂ ಎಬ್ಬಿಸುತ್ತದೆ. ಬಹಳ ಜನ ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್ ಆದ ಮೇಲೆ ಶುರು ಮಾಡು ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಬರೆಯಿರಿ, ತಪ್ಪಿಲ್ಲ. ಆದರೆ ಆ ಟಾರ್ಗೆಟ್ ಹೇಳುವುದು ಪೈಗೆ ಐಪಿ ವಿಳಾಸ ಸಿಕ್ಕಿತು ಅಂತ ಮಾತ್ರ. ರೂಟರ್‌ನಿಂದ ಆಚೆ ಇಂಟರ್ನೆಟ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನನ್ನ ಪ್ರಕಾರ ಇಂಟರ್ನೆಟ್ ಇಲ್ಲ ಅಂತ ಸಾಯುವ ಮಾನಿಟರ್ ಬರೆಯುವುದೇ ತಪ್ಪು. ಇಂಟರ್ನೆಟ್ ಇಲ್ಲ ಅಂತ ಹೇಳುವುದೇ ಅಲ್ವಾ ಅದರ ಕೆಲಸ?

ಹಳೆಯ ಡೀಮನ್‌ಗಳಲ್ಲಿ ಪಿಐಡಿ ಫೈಲ್ ಕಾಟವೂ ಉಂಟು. ಶುರುವಾದಾಗ ತನ್ನ ಪ್ರೋಸೆಸ್ ನಂಬರನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ, ನಿಲ್ಲುವಾಗ ಅಳಿಸುತ್ತದೆ. ಕರೆಂಟ್ ಹೋದರೆ ಅಳಿಸುವವರು ಯಾರು? ಮುಂದಿನ ಸಲ ಎದ್ದಾಗ ಆ ನಂಬರ್ ಬೇರೆ ಯಾವುದೋ ಪ್ರೋಸೆಸ್‌ಗೆ ಹೋಗಿರಬಹುದು. ಡೀಮನ್ ಫೈಲ್ ನೋಡಿ, ಆ ನಂಬರ್ ಜೀವಂತ ಇದೆ ಅಂತ ತಿಳಿದು, ‘ನಾನಾಗಲೇ ಓಡುತ್ತಿದ್ದೇನೆ’ ಅಂತ ಹೇಳಿ ಹೊರಟುಹೋಗುತ್ತದೆ. ಆ ಫೈಲನ್ನು ರನ್ ಡೈರೆಕ್ಟರಿಗೆ ಸರಿಸಿ. ಅದು ಮೆಮೊರಿಯಲ್ಲಿರುವ ಜಾಗ, ಪ್ರತಿ ಬೂಟ್‌ಗೂ ಖಾಲಿಯಾಗುತ್ತದೆ.

ಗಡಿಯಾರವನ್ನೂ ನೋಡಿ. ಪೈ 4 ಮತ್ತು ಅದಕ್ಕಿಂತ ಹಳೆಯದರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಪೈ 5ರಲ್ಲಿ ಗಡಿಯಾರ ಇದೆ, ಬ್ಯಾಟರಿ ಬೇರೆ ಕೊಂಡು ಹಾಕಬೇಕು. ಮೂರು ಗಂಟೆ ಕರೆಂಟ್ ಹೋಗಿದ್ದರೆ ಎದ್ದಾಗ ಪೈ ಕನಿಷ್ಠ ಮೂರು ಗಂಟೆ ಹಿಂದೆ ಇರುತ್ತದೆ. ಇಂಟರ್ನೆಟ್‌ನಿಂದ ಸರಿಯಾದ ಸಮಯ ಕೊಡುವ ಎನ್‌ಟಿಪಿ ಸಿಕ್ಕಿದ ಮೇಲೆ ಒಂದೇ ಸಲ ಮುಂದಕ್ಕೆ ಜಿಗಿಯುತ್ತದೆ. ಮುಂದಿನ ಪರೀಕ್ಷೆ ಯಾವಾಗ ಅಂತ ಗೋಡೆ ಗಡಿಯಾರದ ಲೆಕ್ಕದಲ್ಲಿ ಇಟ್ಟುಕೊಳ್ಳುವ ಡೀಮನ್‌ಗೆ ಇದರಿಂದ ದಿಕ್ಕು ತಪ್ಪುತ್ತದೆ. ಹಿಂದಕ್ಕೆ ಜಿಗಿದರಂತೂ ಮುಂದಿನ ಪರೀಕ್ಷೆಯ ಸಮಯ ಇನ್ನೂ ಬಂದಿಲ್ಲ ಅಂತ ಗಂಟೆಗಟ್ಟಲೆ ಸುಮ್ಮನೆ ಕೂರುತ್ತದೆ. ನೀವೇ ಬರೆದ ಪ್ರೋಗ್ರಾಂ ಆದರೆ ಮಾನೋಟಾನಿಕ್ ಗಡಿಯಾರ ಬಳಸಿ, ಅದು ಜಿಗಿಯುವುದಿಲ್ಲ.

ಪದೇಪದೇ ಕರೆಂಟ್ ಹೋಗುವ ಕಡೆ ಎಸ್‌ಡಿ ಕಾರ್ಡ್ ಕೆಡುವುದೂ ಇದ್ದದ್ದೇ. ಫೈಲ್‌ಸಿಸ್ಟಮ್‌ನಲ್ಲಿ ತೊಂದರೆ ಕಂಡರೆ ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ಓದಲು ಮಾತ್ರ ಅಂತ ಬದಲಾಯಿಸಿಬಿಡಬಹುದು. ಡೀಮನ್ ಓಡುತ್ತಿರುತ್ತದೆ, ಲಾಗ್ ಮಾತ್ರ ಎರಡು ದಿನದ ಹಿಂದೆ ನಿಂತಿರುತ್ತದೆ. ಡಿಮೆಸೇಜ್ (dmesg) ಕಮಾಂಡಿನಲ್ಲಿ ರೀಡ್ ಓನ್ಲಿ ಅಂತ ಹುಡುಕಿದರೆ ಸಿಗುತ್ತದೆ. ಅದು ಸಿಕ್ಕಿದರೆ ಆ ಕಾರ್ಡನ್ನು ರಿಪೇರಿ ಮಾಡುತ್ತಾ ಕೂರಬೇಡಿ, ಹೊಸದು ಹಾಕಿ.

ಕೈಯಿಂದ ಓಡಿಸಿದರೆ ಓಡುತ್ತದೆ, ಸರ್ವಿಸ್ ಆಗಿ ಓಡುವುದಿಲ್ಲ

ಇದು ಬೇಗ ಮುಗಿಯುವ ವಿಷಯ. ನೀವು ಓಡಿಸಿದಾಗ ನಿಮ್ಮ ಯೂಸರ್, ನಿಮ್ಮ ಫೋಲ್ಡರ್, ನಿಮ್ಮ ಪಾತ್ ಎಲ್ಲ ಜೊತೆಗಿರುತ್ತದೆ. ಸಿಸ್ಟಮ್‌ಡಿ ಓಡಿಸಿದಾಗ ಯಾವುದೂ ಇರುವುದಿಲ್ಲ. ಕಾನ್ಫಿಗ್ ಫೈಲಿಗೆ ಪೂರ್ತಿ ಪಾತ್ ಕೊಡಿ. ಸ್ಟೇಟಸ್‌ನಲ್ಲಿ 203 ಎಕ್ಸೆಕ್ ಅಂತ ಬಂದರೆ ಪ್ರೋಗ್ರಾಂ ಫೈಲನ್ನು ಶುರು ಮಾಡುವುದಕ್ಕೇ ಆಗಿಲ್ಲ ಅಂತ ಅರ್ಥ. ಪಾತ್ ತಪ್ಪು, ಇಲ್ಲವೇ ಎಕ್ಸಿಕ್ಯೂಟ್ ಪರ್ಮಿಷನ್ ಇಲ್ಲ. ಪಿಂಗ್ (ಯಂತ್ರ ಉತ್ತರ ಕೊಡುತ್ತದೆಯಾ ಅಂತ ಮಾತ್ರ ಕೇಳುವುದು) ಪರೀಕ್ಷೆಗಳು ಮಾತ್ರ ಫೇಲ್ ಆಗಿ ಉಳಿದವು ಸರಿಯಿದ್ದರೆ, ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಅಲ್ಲದ ಯೂಸರ್‌ಗೆ ಪಿಂಗ್‌ಗೆ ಬೇಕಾದ ರಾ ಸಾಕೆಟ್ ತೆರೆಯುವ ಹಕ್ಕು ಇಲ್ಲ. ಅದಕ್ಕಾಗಿ ಇಡೀ ಡೀಮನ್ನನ್ನು ರೂಟ್ ಆಗಿ ಓಡಿಸಬೇಡಿ. ಕ್ಯಾಪ್ ನೆಟ್ ರಾ ಎಂಬ ಒಂದು ಹಕ್ಕು ಕೊಟ್ಟರೆ ಸಾಕು.

ಇನ್ನೊಂದು ಉಂಟು. ಡೀಮನ್ ತಾನೇ ಫೋರ್ಕ್ ಆಗಿ, ಅಂದರೆ ತನ್ನದೇ ಒಂದು ಮರಿ ಪ್ರೋಸೆಸ್ ಹುಟ್ಟಿಸಿ, ಹಿನ್ನೆಲೆಗೆ ಹೋಗುತ್ತದೆ, ಯೂನಿಟ್ ಫೈಲಿನಲ್ಲಿ ಟೈಪ್ ಸಿಂಪಲ್ ಅಂತಿದೆ. ಮೊದಲ ಪ್ರೋಸೆಸ್ ಮುಗಿದ ಕೂಡಲೇ ಸರ್ವಿಸ್ ಮುಗಿಯಿತು ಅಂತ ಸಿಸ್ಟಮ್‌ಡಿ ತಿಳಿದು, ಹಿನ್ನೆಲೆಯಲ್ಲಿರುವ ಮರಿಯನ್ನೂ ಕೊಲ್ಲುತ್ತದೆ. ಡೀಮನ್‌ಗೆ ಫೋರ್‌ಗ್ರೌಂಡ್ (ಹಿನ್ನೆಲೆಗೆ ಹೋಗದೆ ಓಡುವ) ಆಯ್ಕೆ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಟೈಪ್ ಫೋರ್ಕಿಂಗ್ ಮಾಡಿ.

ಓಡುತ್ತಿದೆ, ಆದರೆ ಸುತ್ತು ಮುಗಿಯುತ್ತಿಲ್ಲ

ಲಾಗ್‌ನಲ್ಲಿ ಪ್ರತಿ ಸುತ್ತಿನ ಶುರುವಿನ ಸಮಯ ನೋಡಿ. ಒಂದೊಂದು ನಿಮಿಷಕ್ಕೆ ಬರಬೇಕಾದದ್ದು ಇಪ್ಪತ್ತು ನಿಮಿಷಕ್ಕೆ ಬರುತ್ತಿದೆಯಾ? ಹಾಗಾದರೆ ಟೈಮ್‌ಔಟ್, ಅಂದರೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿಯ ಸಮಸ್ಯೆ.

ಲೆಕ್ಕ ಹೀಗಿದೆ. ಉತ್ತರ ಕೊಡದ ವಿಳಾಸಕ್ಕೆ ಟಿಸಿಪಿ ಕನೆಕ್ಷನ್ ತೆರೆಯಹೋದರೆ ಲಿನಕ್ಸ್ ಅಷ್ಟು ಸುಲಭಕ್ಕೆ ಕೈಬಿಡುವುದಿಲ್ಲ. ಮೊದಲ ಪ್ಯಾಕೆಟ್ ಆದ ಮೇಲೆ ಇನ್ನೂ ಹಲವು ಸಲ ಕಳಿಸಿ ನೋಡುತ್ತದೆ, ಕಾಯುವ ಸಮಯ ಹೆಚ್ಚುತ್ತಾ ಹೋಗುತ್ತದೆ. ಒಟ್ಟು ಎರಡು ನಿಮಿಷಕ್ಕೂ ಸ್ವಲ್ಪ ಜಾಸ್ತಿ. ದುರ್ಗದ ವಿಪಿಎನ್ ಬಿತ್ತು ಅನ್ನಿ. ಆ ಕಡೆ ನೀವು ಹತ್ತು ಸರ್ವಿಸ್ ನೋಡುತ್ತಿದ್ದೀರಿ, ಡೀಮನ್ ಒಂದಾದ ಮೇಲೆ ಒಂದು ನೋಡುತ್ತದೆ. ಒಂದು ಸುತ್ತಿಗೇ ಇಪ್ಪತ್ತು ನಿಮಿಷ ಮೀರುತ್ತದೆ. ಆ ಹೊತ್ತಿನಲ್ಲಿ ದಾವಣಗೆರೆ ಮಂಡಿಯ ಸರ್ವರ್ ಬಿದ್ದರೂ ಅದರ ಸರದಿ ಬರುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಪ್ರತಿ ಪರೀಕ್ಷೆಗೂ ನೀವೇ ಟೈಮ್‌ಔಟ್ ಕೊಡಿ. ಲೋಕಲ್ ನೆಟ್‌ವರ್ಕ್‌ಗೆ 3 ಸೆಕೆಂಡ್, ವಿಪಿಎನ್ ಆಚೆಗೆ 10 ಸೆಕೆಂಡ್ ನಮಗೆ ಸಾಕಾಗಿದೆ. ಒಂದು ಸೂಕ್ಷ್ಮ ಇದೆ. ಕನೆಕ್ಟ್ ಆಗುವುದಕ್ಕೆ ಒಂದು ಟೈಮ್‌ಔಟ್, ಉತ್ತರ ಓದುವುದಕ್ಕೆ ಇನ್ನೊಂದು. ಮೊದಲನೆಯದನ್ನು ಮಾತ್ರ ಕೊಟ್ಟರೆ, ಬಾಗಿಲು ತೆರೆದು ಬಾಯಿ ಬಿಡದ ಸರ್ವರ್ ಮುಂದೆ ಡೀಮನ್ ಎಷ್ಟು ಹೊತ್ತಾದರೂ ನಿಂತಿರುತ್ತದೆ. ಪ್ರೋಗ್ರಾಂ ಕರ್ನಲ್‌ಗೆ ಏನು ಕೇಳುತ್ತಿದೆ ಅಂತ ತೋರಿಸುವ ಎಸ್‌ಟ್ರೇಸ್ (strace) ಹಾಕಿ ನೋಡಿದರೆ ಸ್ಪಷ್ಟವಾಗುತ್ತದೆ. ಕನೆಕ್ಟ್ ಮೇಲೆ ನಿಂತಿದೆಯಾ, ರೀಡ್ ಅಥವಾ ಪೋಲ್ ಮೇಲೆ ನಿಂತಿದೆಯಾ ಅಂತ ಅದೇ ಹೇಳುತ್ತದೆ. ಡಿಎನ್‌ಎಸ್‌ಗೂ ಅದರದೇ ಕಾಯುವ ಸಮಯ ಉಂಟು. ಮಾಮೂಲು ಸೆಟ್ಟಿಂಗ್‌ನಲ್ಲಿ ಒಂದು ಪ್ರಯತ್ನಕ್ಕೆ 5 ಸೆಕೆಂಡ್, ಎರಡು ಪ್ರಯತ್ನ. ಒಳಗಿನ ಯಂತ್ರಗಳನ್ನು ಹೆಸರಿನ ಬದಲು ಐಪಿಯಿಂದಲೇ ನೋಡಿದರೆ ಈ ರಗಳೆ ಇರುವುದಿಲ್ಲ.

ದಿನಗಟ್ಟಲೆ ಚೆನ್ನಾಗಿ ಓಡಿ ಆಮೇಲೆ ಎಲ್ಲವೂ ಒಂದೇ ಸಲ ಫೇಲ್ ಅಂತ ಕೂಗಿದರೆ ಎಫ್‌ಡಿ ಎಣಿಕೆ ನೋಡಿ. ಒಂದು ಪ್ರೋಸೆಸ್‌ಗೆ ಸಾಮಾನ್ಯ ಮಿತಿ 1024 ಫೈಲು. ಫೇಲ್ ಆದಾಗ ಸಾಕೆಟ್ (ಕನೆಕ್ಷನ್‌ನ ಈ ಕಡೆಯ ತುದಿ, ಅದೂ ಫೈಲಿನ ಲೆಕ್ಕವೇ) ಮುಚ್ಚಲು ಮರೆತ ಪ್ರೋಗ್ರಾಂ ಒಂದೊಂದೇ ಸೋರಿಸುತ್ತಾ ಆ ಮಿತಿ ಮುಟ್ಟುತ್ತದೆ. ಮಿತಿಯನ್ನು ಏರಿಸಿದರೆ ಅದೇ ತೊಂದರೆ ಸ್ವಲ್ಪ ದಿನ ಬಿಟ್ಟು ಬರುತ್ತದೆ, ಅಷ್ಟೇ.

ಪೋರ್ಟ್ ತೆರೆದಿದೆ, ಒಳಗೆ ಕೆಲಸ ನಿಂತಿದೆ

ಎಲ್ಲಕ್ಕಿಂತ ಮೋಸದ ತೊಂದರೆ ಇದು. ಡೀಮನ್ ಸರಿಯಾಗಿದೆ, ಲಾಗ್ ಸರಿಯಾಗಿದೆ, ಪರದೆ ತುಂಬಾ ಹಸಿರು. ಸರ್ವಿಸ್ ಮಾತ್ರ ಸತ್ತಿದೆ.

ಮೆಕ್ಕೆಜೋಳದ ಸುಗ್ಗಿಯಲ್ಲಿ ಒಂದು ಬೆಳಗ್ಗೆ ಗುಮಾಸ್ತರ ಫೋನು. ‘ಸಾರ್, ಬಿಲ್ಲಿಂಗ್ ತೆರೀತಾನೇ ಇಲ್ಲ ನೋಡ್ರಿ. ಲಾರಿ ನಿಂತಾವೆ, ಚೀಟಿ ಕೈಯಾಗ ಬರೀಲೇನ್ರಿ?’ ಕೈಯಲ್ಲೇ ಬರೀರಿ ಅಣ್ಣಾ, ಸ್ವಲ್ಪ ಹೊತ್ತು ಕೊಡಿ ಅಂದೆ. ಮಾನಿಟರ್‌ನಲ್ಲಿ ಬಿಲ್ಲಿಂಗ್ ಸರ್ವರ್ ಪಿಂಗ್ ಹಸಿರು, ಬಿಲ್ಲಿಂಗ್ ಪೋರ್ಟ್ ಹಸಿರು, ಉತ್ತರದ ಸಮಯ ಒಂದು ಮಿಲಿಸೆಕೆಂಡಿಗಿಂತ ಕಮ್ಮಿ. ನೋಡಿದರೆ ಸರ್ವರ್ ಹಿಂದೆಂದಿಗಿಂತ ಚುರುಕಾಗಿದೆ ಅನ್ನಿಸಬೇಕು.

ಸರ್ವರ್ ಒಳಗೆ ಹೋಗಿ ಎಸ್‌ಎಸ್ (ss) ಕಮಾಂಡಿನಲ್ಲಿ ಲಿಸನ್ ಮಾಡುತ್ತಿರುವ, ಅಂದರೆ ಕನೆಕ್ಷನ್‌ಗೆ ಕಾಯುತ್ತಿರುವ, ಪೋರ್ಟ್‌ಗಳನ್ನು ನೋಡಿದೆ. ಅಲ್ಲಿ ಎರಡು ಅಂಕಣ ಇರುತ್ತವೆ, ರೆಸೀವ್ ಕ್ಯೂ, ಸೆಂಡ್ ಕ್ಯೂ. ಲಿಸನ್ ಮಾಡುವ ಸಾಕೆಟ್‌ಗೆ ಇವುಗಳ ಅರ್ಥವೇ ಬೇರೆ. ಸೆಂಡ್ ಕ್ಯೂ ಅಂದರೆ ಸರದಿಯಲ್ಲಿ ಎಷ್ಟು ಕನೆಕ್ಷನ್ ಕಾಯಬಹುದು ಅನ್ನುವ ಮಿತಿ. ರೆಸೀವ್ ಕ್ಯೂ ಅಂದರೆ ಈಗ ಎಷ್ಟು ಕಾಯುತ್ತಿವೆ ಅಂತ. ಆರೋಗ್ಯವಾಗಿರುವ ಪ್ರೋಗ್ರಾಂನಲ್ಲಿ ಅದು ಹೆಚ್ಚು ಹೊತ್ತು 0 ಇರುತ್ತದೆ. ಇಲ್ಲಿ ಸೆಂಡ್ ಕ್ಯೂ 128, ರೆಸೀವ್ ಕ್ಯೂ 38. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 39. ಆಮೇಲೆ 40. ನಿಮಿಷಕ್ಕೆ ಒಂದೊಂದೇ ಏರುತ್ತಿತ್ತು. ಏರಿಸುತ್ತಿದ್ದದ್ದು ನಮ್ಮ ಮಾನಿಟರೇ!

ಆಗುತ್ತಿದ್ದದ್ದು ಹೀಗೆ. ಟಿಸಿಪಿ ಹ್ಯಾಂಡ್‌ಶೇಕ್, ಅಂದರೆ ಕನೆಕ್ಷನ್ ಶುರುವಿನ ಕೈಕುಲುಕು, ಮಾಡುವುದು ಕರ್ನಲ್, ಪ್ರೋಗ್ರಾಂ ಅಲ್ಲ. ಪ್ರೋಗ್ರಾಂ ಉಸಿರು ಕಟ್ಟಿ ಕೂತಿದ್ದರೂ ಕರ್ನಲ್ ಬಂದವರನ್ನೆಲ್ಲ ಬರಮಾಡಿಕೊಂಡು ಸರದಿಯಲ್ಲಿ ನಿಲ್ಲಿಸುತ್ತಾ ಹೋಗುತ್ತದೆ. ಅಂಗಡಿ ಬಾಗಿಲು ತೆಗೆದಿದೆ ಅಂದ ಮಾತ್ರಕ್ಕೆ ಗಲ್ಲಾದ ಮೇಲೆ ಯಾರೋ ಕೂತಿದ್ದಾರೆ ಅಂತಲ್ಲವಲ್ಲ, ಹಾಗೆ. ಮಾನಿಟರ್ ಬಂದು, ಬಾಗಿಲು ತೆರೆದಿದೆ ಅಂತ ನೋಡಿ, ಕನೆಕ್ಷನ್ ಮುಚ್ಚಿ ಹೋಗುತ್ತಿತ್ತು. ಮುಚ್ಚಿದ ಆ ಕನೆಕ್ಷನ್ ಪ್ರೋಗ್ರಾಂ ಬಂದು ಎತ್ತಿಕೊಳ್ಳುವ ತನಕ ಕ್ಲೋಸ್ ವೇಟ್ ಸ್ಥಿತಿಯಲ್ಲಿ ಸರದಿಯಲ್ಲೇ ಉಳಿಯುತ್ತದೆ. ಆ 128ರ ಸರದಿ ತುಂಬಿದ ಮೇಲೆ ಮಾತ್ರ ಹೊಸ ಕನೆಕ್ಷನ್ ಸಿಗದೆ ಮಾನಿಟರ್ ಕೆಂಪಾಗುತ್ತದೆ. ನಿಮಿಷಕ್ಕೆ ಒಂದರಂತೆ ಅಂದರೆ ಸುಮಾರು ಎರಡು ಗಂಟೆ ಕಳೆದ ಮೇಲೆ. ಸಾಲಿನ ಮಿತಿ 4096 ಇರುವ ಪ್ರೋಗ್ರಾಂ ಆಗಿದ್ದರೆ ಎರಡು ದಿನವಾದರೂ ಹಸಿರೇ.

ಬಿಲ್ಲಿಂಗ್ ಪ್ರೋಗ್ರಾಂ ಯಾಕೆ ನಿಂತಿತ್ತು? ಪಿಎಸ್‌ನಲ್ಲಿ ಅದರ ಮುಂದೆ ಡಿ ಅಕ್ಷರ. ಬಿಲ್‌ನ ಪಿಡಿಎಫ್ ಅನ್ನು ಅದು ಗೋಡೌನ್‌ನಲ್ಲಿರುವ ಸ್ಟೋರೇಜ್ ಡಬ್ಬಿಗೆ ಎನ್‌ಎಫ್‌ಎಸ್ (ಬೇರೆ ಯಂತ್ರದ ಫೋಲ್ಡರನ್ನು ನಮ್ಮದೇ ಅನ್ನುವಂತೆ ಬಳಸುವ ವ್ಯವಸ್ಥೆ) ಮೂಲಕ ಬರೆಯುತ್ತದೆ. ಗೋಡೌನ್‌ನಲ್ಲಿ ಯಾರೋ ಆ ಡಬ್ಬಿಯ ಪ್ಲಗ್ ಕಿತ್ತು ತೂಕದ ಯಂತ್ರಕ್ಕೆ ಹಾಕಿದ್ದರು. ಎನ್‌ಎಫ್‌ಎಸ್ ಮಾಮೂಲಾಗಿ ಹಾರ್ಡ್ ಮೌಂಟ್. ಆ ಕಡೆ ಉತ್ತರ ಬರುವ ತನಕ ಕಾಯುತ್ತಲೇ ಇರುತ್ತದೆ, ಎರರ್ ಕೊಡುವುದಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಹಳೇ ಪ್ರೋಗ್ರಾಂ ಅದು, ಪೂರ್ತಿ ನಿಂತುಹೋಯಿತು. ಪ್ಲಗ್ ಹಾಕಿಸಿದ ಮೇಲೆ ತಾನೇ ಮುಂದುವರಿಯಿತು, ರೀಸ್ಟಾರ್ಟ್ ಕೂಡ ಬೇಕಾಗಲಿಲ್ಲ. ಸ್ಟೋರೇಜ್ ಡಬ್ಬಿ ನಮ್ಮ ಮಾನಿಟರ್ ಪಟ್ಟಿಯಲ್ಲೇ ಇರಲಿಲ್ಲ, ಅದನ್ನು ಅವತ್ತೇ ಸೇರಿಸಿದ್ದಾಯಿತು.

ಹಾಗಾಗಿ ಪೋರ್ಟ್ ತೆರೆದಿದೆಯಾ ಅಂತ ಮಾತ್ರ ನೋಡುವ ಪರೀಕ್ಷೆಯನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ಸರ್ವಿಸ್ ಬಾಯಿಂದ ಒಂದು ಮಾತು ಬರಬೇಕು. ಮೇಲ್ ಸರ್ವರ್ ಆದರೆ ಕನೆಕ್ಟ್ ಆದ ಮೇಲೆ 220 ಅಂತ ಶುರುವಾಗುವ ಸಾಲು ಬರಬೇಕು. ಡಿಎನ್‌ಎಸ್ ಆದರೆ ಒಂದು ಹೆಸರು ಕೇಳಿ ಸರಿಯಾದ ಉತ್ತರ ಬರಬೇಕು. ಡೇಟಾಬೇಸ್ ಆದರೆ ಲಾಗಿನ್ ಆಗಿ ಒಂದು ಚಿಕ್ಕ ಕ್ವೆರಿ ಓಡಬೇಕು. ವೆಬ್ ಆದರೆ ಒಂದು ಪುಟ ತೆರೆದು ಅದರಲ್ಲಿ ಗೊತ್ತಿರುವ ಒಂದು ಪದ ಹುಡುಕಬೇಕು, ಬರೀ 200 ಅನ್ನುವ ‘ಸರಿಯಿದೆ’ ಕೋಡ್ ಬಂದರೆ ಸಾಲದು. ಇಂಟರ್ನೆಟ್ ಪ್ಲಾನ್ ಮುಗಿದಾಗ ಕಂಪನಿಯವರು ರೀಚಾರ್ಜ್ ಮಾಡಿ ಅನ್ನುವ ಪುಟ ತೋರಿಸುತ್ತಾರಲ್ಲ, ಅದೂ 200 ಕೊಡಬಹುದು. ಪರೀಕ್ಷೆಗೆ ಅಂತಲೇ ಪುಟ ಮಾಡುವುದಾದರೆ ಅದು ಡೇಟಾಬೇಸನ್ನೂ ಡಿಸ್ಕನ್ನೂ ಮುಟ್ಟಿ ಬರುವಂತೆ ಮಾಡಿ. ಸುಮ್ನೆ ಓಕೆ ಅಂತ ಪ್ರಿಂಟ್ ಮಾಡುವ ಪುಟದಿಂದ ಏನೂ ಪ್ರಯೋಜನ ಇಲ್ಲ.

ಇದೇ ಜಾತಿಯ ಇನ್ನೆರಡು. ಸರ್ವಿಸ್ 127.0.0.1ರಲ್ಲಿ ಮಾತ್ರ ಇದೆ, ಮಾನಿಟರ್ ಲೋಕಲ್‌ಹೋಸ್ಟ್ ಅಂತ ಹೆಸರು ಹಾಕಿಕೊಂಡು ಮೊದಲು ಅದೇ ಯಂತ್ರದ ಹೊಸ ಮಾದರಿಯ ಐಪಿವಿ6 ವಿಳಾಸಕ್ಕೆ ಹೋಗಿ ಫೇಲ್ ಅನ್ನುತ್ತದೆ. ಅಥವಾ ಶುರುವಾದಾಗ ಒಮ್ಮೆ ಕೇಳಿದ ಐಪಿಯನ್ನೇ ತಿಂಗಳುಗಟ್ಟಲೆ ಇಟ್ಟುಕೊಂಡಿರುತ್ತದೆ. ವೆಬ್‌ಸೈಟ್ ಬೇರೆ ಸರ್ವರ್‌ಗೆ ಹೋಗಿ ಆಯಿತು, ಮಾನಿಟರ್ ಇನ್ನೂ ಹಳೇ ಮನೆಯ ಬಾಗಿಲು ಬಡಿಯುತ್ತಿದೆ. ಟಿಸಿಪಿಡಂಪ್ (tcpdump) ಹಾಕಿ ಪ್ಯಾಕೆಟ್ ನಿಜಕ್ಕೂ ಯಾವ ವಿಳಾಸಕ್ಕೆ ಹೋಗುತ್ತಿದೆ ಅಂತ ನೋಡಿದರೆ ಎರಡೂ ಒಂದು ನಿಮಿಷದಲ್ಲಿ ಬಯಲಾಗುತ್ತವೆ.

ಕಂಡುಹಿಡಿಯಿತು, ಹೇಳಲಿಲ್ಲ

ಲಾಗ್‌ನಲ್ಲಿ ಫೇಲ್ ಇದೆ, ಮೊಬೈಲಿಗೆ ಏನೂ ಬಂದಿಲ್ಲ. ಮೊದಲ ಪ್ರಶ್ನೆ: ಮೆಸೇಜ್ ಹೋಗುವ ದಾರಿ ಯಾವುದು? ಇಂಟರ್ನೆಟ್ ಬಿತ್ತು ಅನ್ನುವ ಸುದ್ದಿಯನ್ನು ಅದೇ ಇಂಟರ್ನೆಟ್ ಮೇಲೆ ಕಳಿಸಲು ಹೊರಟರೆ ಎಲ್ಲಿ ಹೋಗುತ್ತದೆ? ಲೈನ್ ಸರಿಯಾದ ಮೇಲೆ ‘ಬಿತ್ತು’, ‘ಎದ್ದಿತು’ ಎರಡೂ ಒಟ್ಟಿಗೆ ಬಂದರೆ ನಿಮ್ಮದು ಇದೇ ಕಾಯಿಲೆ. ಪೈಗೆ ಸಿಮ್ ಹಾಕಿದ ಯುಎಸ್‌ಬಿ ಮೋಡೆಮ್ ಒಂದನ್ನು ಚುಚ್ಚಿ ಅಲ್ಲಿಂದ ಕಳಿಸಿ. ಆಗ ಎರಡು ವಿಷಯ ನೆನಪಿರಲಿ. ಸಿಮ್‌ನ ವ್ಯಾಲಿಡಿಟಿ ಮುಗಿಯುತ್ತದೆ. ಮತ್ತೆ, ರೀಬೂಟ್ ಆದಾಗ ಮೋಡೆಮ್‌ಗೆ ಲಿನಕ್ಸ್ ಕೊಡುವ ಟಿಟಿವೈ ನಂಬರ್ ಬದಲಾಗಬಹುದು. ಡೆವ್ ಡೈರೆಕ್ಟರಿಯಲ್ಲಿ ಸೀರಿಯಲ್ ಬೈ ಐಡಿ ಕೆಳಗಿರುವ ಹೆಸರು ಬಳಸಿದರೆ ಬದಲಾಗುವುದಿಲ್ಲ.

ಮೇಲ್‌ನಲ್ಲಿ ಕಳಿಸುವವರು ಪೋರ್ಟ್ 25 ಬಳಸಬೇಡಿ. ಅದನ್ನು ಹೊರಗೆ ಹೋಗದಂತೆ ಬಹಳ ಕಡೆ ತಡೆದಿರುತ್ತಾರೆ. 587ರಲ್ಲಿ ಲಾಗಿನ್ ಆಗಿ ಕಳಿಸಿ. ಜಿಮೇಲ್ ಆದರೆ ಮಾಮೂಲು ಪಾಸ್‌ವರ್ಡ್ ನಡೆಯುವುದಿಲ್ಲ, 2022ರ ಮೇ ಕೊನೆಗೇ ಅದನ್ನು ನಿಲ್ಲಿಸಿದ್ದಾರೆ. 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು.

ಎಸ್‌ಎಂಎಸ್ ಗೇಟ್‌ವೇ ಬಳಸುವವರಿಗೆ ನಮ್ಮ ದೇಶದಲ್ಲಿ ಇನ್ನೊಂದು ಜಂಜಾಟ ಇದೆ. ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2018ರ ನಿಯಮದ ಪ್ರಕಾರ ಕಳಿಸುವವರ ಹೆಡರ್ (ಮೆಸೇಜ್ ಮೇಲೆ ಕಾಣುವ ಹೆಸರು), ಮೆಸೇಜಿನ ಟೆಂಪ್ಲೇಟ್ (ಮಾದರಿ ವಾಕ್ಯ) ಎರಡೂ ಡಿಎಲ್‌ಟಿ ಎಂಬ ಆಪರೇಟರ್‌ಗಳ ವ್ಯವಸ್ಥೆಯಲ್ಲಿ ನೋಂದಣಿ ಆಗಿರಬೇಕು. ಕಳಿಸುವ ಮೆಸೇಜ್ ಟೆಂಪ್ಲೇಟಿಗೆ ಸರಿಯಾಗಿ ಹೊಂದದಿದ್ದರೆ ಆಪರೇಟರ್ ಬಿಸಾಕುತ್ತಾರೆ. ಡೀಮನ್‌ಗೆ ಮಾತ್ರ ಗೇಟ್‌ವೇ ಸಕ್ಸೆಸ್ ಅಂತ ಹೇಳಿರುತ್ತದೆ. ಆ ಸಕ್ಸೆಸ್‌ಗೆ ನಿನ್ನ ಮೆಸೇಜ್ ತೆಗೆದುಕೊಂಡೆ ಅನ್ನುವಷ್ಟೇ ಅರ್ಥ, ತಲುಪಿಸಿದೆ ಅಂತಲ್ಲ. ಡೆಲಿವರಿ ರಿಪೋರ್ಟ್ ನೋಡಿ. ಸಾಮಾನ್ಯವಾಗಿ ಎಡವುವುದು ಬದಲಾಗುವ ಜಾಗದಲ್ಲಿ. ‘ಬಿಲ್ಲಿಂಗ್’ ಅಂತ ಪರೀಕ್ಷೆ ಮಾಡಿದಾಗ ಹೋಗಿರುತ್ತದೆ, ನಿಜವಾದ ದಿನ ಅದೇ ಜಾಗಕ್ಕೆ ಉದ್ದನೆಯ ಎರರ್ ಸಾಲು ಬಂದು ಮಿತಿ ಮೀರುತ್ತದೆ. ಮೆಸೇಜಿನಲ್ಲಿ ಲಿಂಕ್ ಇದ್ದರೆ 2024ರ ಅಕ್ಟೋಬರ್ 1ರಿಂದ ಅದನ್ನೂ ಮೊದಲೇ ನೋಂದಾಯಿಸಿರಬೇಕು. ಕನ್ನಡದಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ 160ರ ಬದಲು 70 ಅಕ್ಷರ ಮಾತ್ರ ಹಿಡಿಯುತ್ತದೆ ಅನ್ನುವುದೂ ಗೊತ್ತಿರಲಿ.

ಸುಳ್ಳು ಕೂಗು

ಒಂದು ಪ್ಯಾಕೆಟ್ ಕಳೆದರೆ ಕೂಗುವ ಮಾನಿಟರನ್ನು ಜನ ಒಂದೇ ವಾರದಲ್ಲಿ ಮ್ಯೂಟ್ ಮಾಡುತ್ತಾರೆ. ಮೂರು ಸಲ ಸತತವಾಗಿ ಫೇಲ್ ಆದರೆ ಮಾತ್ರ ಹೇಳು ಅಂತ ಇಡಿ. ಯಾವುದರ ಹಿಂದೆ ಯಾವುದಿದೆ ಅಂತ ತಿಳಿಸಿ. ಹೆದ್ದಾರಿ ಬದಿ ಅಗೆಯುವ ಜೆಸಿಬಿ ಫೈಬರ್ ಕತ್ತರಿಸಿದರೆ ದುರ್ಗದ ಹತ್ತೂ ಸರ್ವಿಸ್ ಬಿದ್ದವು ಅಂತ ಹತ್ತು ಮೆಸೇಜ್ ಬರಬಾರದು, ಲಿಂಕ್ ಬಿತ್ತು ಅಂತ ಒಂದು ಸಾಕು. ಬ್ರಾಂಚ್‌ನವರು ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗುವವರಾದರೆ ಆ ಹೊತ್ತನ್ನು ಪರೀಕ್ಷೆಯಿಂದ ಬಿಟ್ಟುಬಿಡಿ. ಇದಕ್ಕಿಂತ ಜಾಸ್ತಿ ಹೇಳುವುದೇನಿಲ್ಲ.

ಮಾನಿಟರ್‌ಗೆ ಕಾವಲು

ಪೈ ಪೂರ್ತಿ ಸತ್ತರೆ ಯಾರು ಹೇಳುತ್ತಾರೆ? ಅದೇ ಪೈ ಒಳಗೆ ಇನ್ನೊಂದು ಕಾವಲು ಪ್ರೋಗ್ರಾಂ ಹಾಕಿದರೆ ಅದೂ ಜೊತೆಗೇ ಸಾಯುತ್ತದೆ. ದಾವಣಗೆರೆ, ದುರ್ಗ ಎರಡರಲ್ಲೂ ಒಂದೊಂದು ಪೈ ಇಟ್ಟು ಒಂದನ್ನೊಂದು ನೋಡುವಂತೆ ಮಾಡಿದ್ದೇವೆ. ಅರವತ್ತು ಕಿಲೋಮೀಟರ್ ದೂರ, ಬೇರೆ ಕರೆಂಟ್ ಲೈನು, ಬೇರೆ ಕಂಪನಿಯ ಇಂಟರ್ನೆಟ್ಟು. ಎರಡೂ ಒಟ್ಟಿಗೆ ಹೋಗುವುದು ಅಪರೂಪ.

ಒಬ್ಬರನ್ನೊಬ್ಬರು ನೋಡುವುದು ಅಂದರೆ ಪಿಂಗ್ ಅಲ್ಲ. ಒಂದು ಸುತ್ತು ಪೂರ್ತಿ ಮುಗಿದ ಮೇಲೆ ಡೀಮನ್ ಇನ್ನೊಂದು ಪೈಗೆ ಒಂದು ಸಾಲು ಕಳಿಸುತ್ತದೆ. ಐದು ನಿಮಿಷ ಆ ಸಾಲು ಬಾರದಿದ್ದರೆ ಆ ಕಡೆಯದು ಕೂಗುತ್ತದೆ. ಸೂಚನೆ ಬಾರದಿದ್ದರೆ ಡೀಮನ್ನನ್ನು ಕೊಲ್ಲುವ ಸಿಸ್ಟಮ್‌ಡಿಯ ವಾಚ್‌ಡಾಗ್ ಬಳಸುವಾಗಲೂ ಇದೇ ಮಾತು. ಬದುಕಿದ್ದೇನೆ ಅನ್ನುವ ಸೂಚನೆಯನ್ನು ಸುತ್ತಿನ ಕೊನೆಯಲ್ಲಿ ಕಳಿಸಿ. ಬೇರೆ ಥ್ರೆಡ್‌ನಿಂದ, ಅಂದರೆ ಅದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ಓಡುವ ಇನ್ನೊಂದು ಎಳೆಯಿಂದ, ಕಳಿಸಿದರೆ ಮುಖ್ಯ ಕೆಲಸ ನಿಂತು ಗಂಟೆಯಾದರೂ ಆ ಥ್ರೆಡ್ ಬದುಕಿದ್ದೇನೆ ಅಂತಲೇ ಹೇಳುತ್ತಿರುತ್ತದೆ. ವಾಚ್‌ಡಾಗ್‌ಸೆಕ್ ಅನ್ನು, ಮಧ್ಯದ ಬಿಡುವೂ ಸೇರಿ, ಒಂದು ಸುತ್ತಿಗೆ ಬೇಕಾಗಬಹುದಾದ ಅತಿ ಹೆಚ್ಚು ಸಮಯದ ಎರಡರಷ್ಟು ಇಡಿ. ತೀರಾ ಕಮ್ಮಿ ಇಟ್ಟರೆ ದುರ್ಗದ ಲೈನ್ ನಿಧಾನವಾದ ದಿನ ಸಿಸ್ಟಮ್‌ಡಿಯೇ ಡೀಮನ್ನನ್ನು ಕೊಲ್ಲುತ್ತಾ ಕೂರುತ್ತದೆ.

ಆ 192.0.2.1 ಎಂಬ ಸುಳ್ಳು ಗುರಿಯನ್ನು ನಾವು ತೆಗೆದಿಲ್ಲ. ದಿನಾ ಬೆಳಗ್ಗೆ 9:00ಕ್ಕೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಪ್ರೋಗ್ರಾಂ) ಅದನ್ನು ಐದು ನಿಮಿಷ ಆನ್ ಮಾಡಿ ಆಫ್ ಮಾಡುತ್ತದೆ. ಮೆಸೇಜ್ ಬಂದರೆ ಇಡೀ ದಾರಿ ಸರಿಯಿದೆ. 9:10 ಆದರೂ ಬರಲಿಲ್ಲ ಅಂದರೆ ಮಂಡಿಯಲ್ಲಿ ವ್ಯಾಪಾರ ಶುರುವಾಗುವ ಮುಂಚೆ ನೋಡಲು ಇನ್ನೂ ಸಮಯ ಇರುತ್ತದೆ.